ಉಡಿ ಗುರುತಿನ ಮೇಲೆ ಒಂದೂವರೆ ಮೊಳ

ಬೆಳಿಗ್ಗೆ ಏಳೂಕಾಲಿಗೆ ಹೊರಡಬೇಕಿದ್ದ ಶಹಾಪುರದ ಬಸ್ಸು ಸುರಪುರದ ನಿಲ್ದಾಣವನ್ನು ಬಿಟ್ಟಾಗ ಏಳೂಮುಕ್ಕಾಲಾಗಿತ್ತು. ನೇರ ಯಾದಗಿರಿಗೆ ಹೋಗುವ ಬಸ್ಸು ಎಂಟೂವರೆಗೆ ಇತ್ತು. ಶಹಾಪುರದಲ್ಲಿ ಇಳಿದು ಒಬ್ಬನನ್ನು ಕಾಣಬೇಕಾಗಿದ್ದರಿಂದ ನಾನು ಅದಕ್ಕೆ ಕಾಯಲಿಲ್ಲ. ಟಿಕೆಟ್ ಮೂವತ್ತೈದು ರೂಪಾಯಿ. ದಾರಿ ಸುಮಾರು ಇಪ್ಪತ್ತೈದು ಕಿಲೋಮೀಟರ್. ಹತ್ತಿ ಬಿಡಿಸುವ ದಿನಗಳಾಗಿದ್ದರಿಂದ ಬಸ್ಸಿನ ತುಂಬ ಕೂಲಿಗೆ ಹೊರಟ ಹೆಂಗಸರಿದ್ದರು. ಅವರ ಮಡಿಲಲ್ಲಿದ್ದ ಬುತ್ತಿಗಳಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಕಿಟಕಿಯ ಗಾಳಿ ತಣ್ಣಗಿತ್ತು. ನಾನು ಕಿವಿಗೆ ಟವೆಲ್ ಸುತ್ತಿಕೊಂಡು ಕುಳಿತೆ.

ಏಕೆ ಹೊರಟೆ ಎಂಬುದನ್ನು ಮೊದಲೇ ಹೇಳಬೇಕು. ಯಾದಗಿರಿಯಲ್ಲಿ ಭೀಮಾ ನದಿಯ ದಂಡೆಯ ಒಂದು ಭಾಗಕ್ಕೆ ಪ್ರವಾಹ ತಡೆಯುವ ಗೋಡೆ ಇದೆ. ಅದನ್ನು ಕಟ್ಟುವ ಮೊದಲು, ಹಿಂದಿನ ಪ್ರವಾಹದಲ್ಲಿ ಅಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿತ್ತೆಂದು ಅಳೆದು ಬರೆದವನು ನಾನು. ಆಗ ಸರ್ವೆ ಕೆಲಸದಲ್ಲಿದ್ದೆ, ಈಗ ನಿವೃತ್ತ. ನಾನು ಬರೆದ ಗುರುತಿನ ಮೇಲೆ ಒಂದು ಮೊಳ ಹೆಚ್ಚಿಗೆ ಬಿಟ್ಟು ಗೋಡೆ ಕಟ್ಟಿದರು. ಆಮೇಲೆ ಬಂದ ಮೊದಲ ದೊಡ್ಡ ಪ್ರವಾಹವೇ ಆ ಗೋಡೆಯನ್ನು ಹಾರಿ ಒಳಗೆ ಬಂತು. ಹಿಂದಿನ ಓಣಿಯಲ್ಲಿ ಮಾರೆಪ್ಪ ಎಂಬ ಮೀನುಗಾರ ಸತ್ತ. ಆ ಓಣಿಯಲ್ಲಿ ನನಗೆ ನೀರಿನ ಗುರುತು ತೋರಿಸಿದವಳು ಅವನ ಹೆಂಡತಿ ಶರಣಮ್ಮ. ಸುದ್ದಿ ತಿಳಿದು ಎರಡು ವರ್ಷವಾದರೂ ನಾನು ಆ ಕಡೆ ಹೋಗಿರಲಿಲ್ಲ.

ಹೋದ ವಾರ ರೇಣುಕಾ ಎಂಬ ಇಂಜಿನಿಯರ್ ಫೋನ್ ಮಾಡಿದ್ದಳು. ಗೋಡೆಯನ್ನು ಎತ್ತರಿಸಲು ಮತ್ತೆ ಅಳತೆ ನಡೆದಿದೆ ಎಂದಳು. ಹಳೆಯ ಪುಸ್ತಕದಲ್ಲಿ ನಾನು ಬರೆದ ಗುರುತು ಯಾವ ಮನೆಯದು, ಬಂದು ತೋರಿಸಬಹುದೇ ಎಂದು ಕೇಳಿದಳು. ಬರುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ನೆನಪಾದದ್ದು ಖಾಜಾನ ಮಾತು. ಅಳತೆಯ ದಿನ ನಾನು ದುರ್ಬೀನಿನಲ್ಲಿ ನೋಡುತ್ತಿದ್ದಾಗ ಅಳತೆ ಕೋಲು ಹಿಡಿದು ಗೋಡೆಯ ಪಕ್ಕ ನಿಂತವನು ಅವನು. ಅಂದು ಅವನು ಏನೋ ಹೇಳಿದ್ದ, ನಾನು ಗದರಿಸಿದ್ದೆ. ಏನು ಹೇಳಿದ್ದನೆಂಬುದು ಪೂರ್ತಿ ನೆನಪಿರಲಿಲ್ಲ.

ಶಹಾಪುರದಲ್ಲಿ ಇಳಿದಾಗ ಗುಡ್ಡದ ಸಾಲಿನ ಮೇಲೆ ಬಿಸಿಲು ಬಿದ್ದಿತ್ತು. ಮಲಗಿದ ಬುದ್ಧನಂತೆ ಕಾಣುವ ಆ ಸಾಲನ್ನು ನೋಡಲು ಹೊರಗಿನವರು ಬರುತ್ತಾರೆ. ನಾನು ಅದರ ಬುಡದಲ್ಲಿ ಎಷ್ಟೋ ಸಲ ಅಳತೆ ಮಾಡಿದ್ದೇನೆ, ನಿಂತು ನೋಡಿದ್ದು ಕಡಿಮೆ. ಖಾಜಾ ಈಗ ನಿಲ್ದಾಣದ ಹತ್ತಿರ ಚಹಾದಂಗಡಿ ಇಟ್ಟಿದ್ದಾನೆ. ಗಡ್ಡ ಪೂರ್ತಿ ಬಿಳಿಯಾಗಿದೆ.

“ಅರೆ ಸಾಹೇಬ್ರ! ಇನ್ನಾ ಅದೀರಿ?” ಎಂದ.

“ಅದೀನಿ.”

“ಕೂಡ್ರಿ, ಕೂಡ್ರಿ. ಸಕ್ರಿ ಹಾಕ್ಲೇನ್ರಿ, ಇಲ್ಲಾ ಸಕ್ರೀನೂ ರಿಟೈರ್ ಆಗ್ಯಾದ?”

ಒಂದು ತಟ್ಟೆ ಮಂಡಕ್ಕಿ ಸುಸಲಾ, ಎರಡು ಮಿರ್ಚಿ ಕೊಟ್ಟ. ತಿಂದು ಮುಗಿಸುವವರೆಗೆ ಹಳೆಯ ಊರುಗಳ ಮಾತಾಡಿದೆವು. ಕೆಂಭಾವಿಯ ಸಂತೆಯಲ್ಲಿ ಅವನು ಅಳತೆ ಕೋಲನ್ನು ಮರೆತು ಬಂದದ್ದು, ಅದನ್ನು ಯಾರೋ ಎತ್ತು ಹೊಡೆಯಲು ಒಯ್ದದ್ದು. ನಕ್ಕು ಮುಗಿದ ಮೇಲೆ ಕೇಳಿದೆ: “ಖಾಜಾ, ಯಾದಗಿರ್ಯಾಗ ಆ ಹೊಳಿ ಓಣ್ಯಾಗ ನೀ ಏನೋ ಅಂದಿದ್ದೆಲ್ಲ. ಅದನ್ನ ಇನ್ನೊಮ್ಮಿ ಹೇಳು.”

ಅವನು ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟ. “ಕುಂಕುಮದ ಗುರುತಿನ ಮ್ಯಾಲ ಇನ್ನೊಂದು ಮಣ್ಣಿನ ಗೆರಿ ಅದ ಅಂದಿದ್ದೆ. ಹಿತ್ತಲ ಗೋಡಿಗೆ ಸುಣ್ಣ ಹಚ್ಚಿರ್ಲಿಲ್ಲ. ಅಲ್ಲಿ ಕಾಣ್ತಿತ್ರಿ.”

“ನಾ ಏನಂದೆ?”

“‘ಮನಿಯವ್ರೇ ತೋರಿಸಾಕತ್ತಾರ, ನಡುವ ನಿಂದೇನು? ಕೋಲ ನೆಟ್ಟಗ ಹಿಡಿ’ ಅಂದ್ರಿ.” ಜರಡಿಯನ್ನು ಮತ್ತೆ ಎತ್ತಿಕೊಂಡು ಹೇಳಿದ: “ನಾ ನೆಟ್ಟಗ ಹಿಡದೆ.”

“ಮನಿಯವ್ರು ಯಾಕ ಕೆಳಗಿಂದು ತೋರಿಸಿದ್ರು?”

ಖಾಜಾನ ಹೆಂಡತಿಯ ತವರು ಯಾದಗಿರಿ, ಅದೇ ಓಣಿಯ ಹಿಂದೆ. ಅವನಿಗೆ ಗೊತ್ತಿತ್ತು. ಹೊಳೆ ಮನೆಗಳ ಗೋಡೆ ಮುಟ್ಟಿದಾಗ ಅಲ್ಲಿಯ ಹೆಂಗಸರು ಹಸಿರು ಖಣ, ಅಕ್ಕಿ, ಒಣಕೊಬ್ಬರಿ, ಉತ್ತತ್ತಿ ತಂದು ನೀರಿಗೆ ಉಡಿ ತುಂಬುತ್ತಾರೆ. ನೀರು ಮುಟ್ಟಿದ ಕಡೆ ಗೋಡೆಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಹೊಳೆ ತವರಿಗೆ ಬಂದ ಮಗಳು. ಉಡಿ ತುಂಬಿಸಿಕೊಂಡ ಮೇಲೆ ಹಿಂದಿರುಗಿ ಹೋಗಬೇಕು. “ಅಲ್ಲಿಂದ ಮುಂದ ಎಷ್ಟೇ ಏರ್ಲಿ, ಏರ್ತು ಅಂತ ಅವ್ರು ಸಾಯೂತನ ಅನ್ನಂಗಿಲ್ರಿ. ಅಂದ್ರ ಮಗಳು ಹೊಸ್ತಿಲದಾಗ ತಿರುಗಿ ಬಂದು ಜಗಳ ತೆಗದಂಗ. ನೀರು ಇಳದ ಮರುದಿನಾನ ಸುಣ್ಣ ಹಚ್ಚಿಬಿಡ್ತಾರ. ಕುಂಕುಮ ಅಷ್ಟೇ ಉಳೀತದ.”

ಅವರು ನನಗೆ ಸುಳ್ಳು ಹೇಳಿರಲಿಲ್ಲ. ಹೊಳೆ ಎಲ್ಲಿಗೆ ಬಂದಿತ್ತು ಎಂದು ಕೇಳಿದ್ದೆ, ಹೊಳೆಯನ್ನು ತಾವು ಎಲ್ಲಿ ಎದುರುಗೊಂಡರೋ ಅದನ್ನು ತೋರಿಸಿದ್ದರು. ಹಿತ್ತಲಿಗೆ ಹತ್ತು ಹೆಜ್ಜೆ ಹೋಗಿ ನೋಡುವುದು ನನ್ನ ಕೆಲಸವಾಗಿತ್ತು. ಅಂದು ಬಿಸಿಲು ಜಾಸ್ತಿಯಿತ್ತು. ಸಂಜೆಯೊಳಗೆ ಇನ್ನೊಂದು ಓಣಿ ಮುಗಿಸಬೇಕಿತ್ತು. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ.

ಖಾಜಾ ಚಹಾದ ದುಡ್ಡು ಮುಟ್ಟಲಿಲ್ಲ. “ಹೋಗಿ ಹೇಳ್ರಿ ಸಾಹೇಬ್ರ. ಈಗರ ಹೇಳ್ರಿ,” ಎಂದ.

ಶಹಾಪುರದಿಂದ ಯಾದಗಿರಿಗೆ ಸುಮಾರು ಮೂವತ್ತೈದು ಕಿಲೋಮೀಟರ್, ಐವತ್ತು ರೂಪಾಯಿ. ನಿಂತುಕೊಂಡೇ ಹೋದೆ. ಎರಡೂ ಬದಿಗೆ ಕಾಲುವೆ ನೀರಿನ ಭತ್ತ, ಅದು ಮುಗಿದ ಮೇಲೆ ಹತ್ತಿ, ತೊಗರಿ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೊಂದಿಸಿಕೊಂಡೆ: ನನ್ನ ಗುರುತು ತಪ್ಪು, ನಿಜವಾದದ್ದು ಅದಕ್ಕಿಂತ ಮೇಲಿದೆ, ಹಿತ್ತಲ ಗೋಡೆ ನೋಡಿರಿ. ಮೂರೇ ವಾಕ್ಯ. ಸೇತುವೆ ದಾಟಿದ ಮೇಲೆ ಇಳಿದು ದಂಡೆಯ ದಾರಿ ಹಿಡಿದಾಗ ಹನ್ನೊಂದು ಗಂಟೆ. ಬಿಸಿಲು ಏರಿತ್ತು. ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು.

ಗೋಡೆ ಓಣಿಯ ಕಡೆಯಿಂದ ನನ್ನ ಎದೆಮಟ್ಟಕ್ಕಿದೆ. ಹಿಂದೆ ಹನ್ನೆರಡು ಮನೆಗಳು. ಕಲ್ಲುಮಣ್ಣಿನ ಗೋಡೆ, ಮೇಲೆ ತಗಡು. ಆರನೆಯದರ ಹೊಸ್ತಿಲಲ್ಲಿ ಶರಣಮ್ಮ ಕಾಲು ಚಾಚಿ ಕುಳಿತು ಬಲೆಯ ತೂತು ಹೊಲಿಯುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು.

“ದುರ್ಬೀನ್ ಸಾಹೇಬ್ರು ಬಂದ್ರು ನೋಡು,” ಎಂದು ಎದುರು ಮನೆಯ ಕಾಶಮ್ಮನಿಗೆ ಕೂಗಿ ಹೇಳಿದಳು. ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

ಕುಡಿದು, ಮಾರೆಪ್ಪನ ಸುದ್ದಿ ಕೇಳಿದ್ದೆ, ಬರಲು ಆಗಲಿಲ್ಲ ಎಂದೆ. ಅವಳು ಸೂಜಿಯನ್ನು ಬಲೆಗೆ ಚುಚ್ಚಿಟ್ಟಳು.

“ಹೊಳಿ ಬಂದೈತಿ ಅಂತ ನಾವೆಲ್ಲ ಮ್ಯಾಲಿನ ಸರ್ಕಾರಿ ಸಾಲಿಗೆ ಹೋಗಿ ಕುಂತಿದ್ವಿರಿ. ಮೀನಿನ ಬಲಿ ಮನ್ಯಾಗ ಉಳದಾವಂತ ಅಂವ ತಿರುಗಿ ಬಂದ. ‘ಗೋಡಿ ಅದ ಅಲ್ಲೇನು, ಉಡೀನೂ ತುಂಬ್ಯಾರ, ಇನ್ನೇನಾಗ್ತದ’ ಅಂದ. ಗೋಡಿ ಆಚೀಕ ನೀರು ಎಷ್ಟ ಅದ ಅಂತ ಈಚೀಕ ಕಾಣಂಗಿಲ್ಲ ನೋಡ್ರಿ. ಒಮ್ಮಿಗೇ ಬಂತು. ನಡುಮನಿ ಗೋಡಿ ಬಿತ್ತು. ನೀರಾಗ ಬೆಳದಂವ, ನೀರಿಗೆ ಹೋಗ್ಲಿಲ್ರಿ. ಗೋಡಿ ನಂಬಿ ಹೋದ.”

ಯಾವ ಗೋಡೆ ಎಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ರೇಣುಕಾ ಬಂದಳು. ಮೂವತ್ತರ ಒಳಗಿನ ವಯಸ್ಸು, ಬಿಸಿಲಿಗೆ ಮುಖ ಕೆಂಪಾಗಿತ್ತು. ಕಾಗದಗಳನ್ನು ಕಟ್ಟೆಯ ಮೇಲೆ ಹರವಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಸೇತುವೆಯ ಹತ್ತಿರದ ಅಳತೆಗಂಬದ ಲೆಕ್ಕ ಈ ಓಣಿಗೆ ಸಾಲದು, ಏಕೆಂದರೆ ಇಲ್ಲಿ ಹಳ್ಳದ ಬಾಯಿಯಲ್ಲಿ ನೀರು ಹಿಂದಕ್ಕೆ ಒತ್ತಿ ಹೆಚ್ಚು ಏರುತ್ತದೆ. ಆದ್ದರಿಂದ ಓಣಿಯವರು ತೋರಿಸುವ ಗುರುತೇ ಆಧಾರ. ಹೋದ ಸಲ ನೀರು ಗೋಡೆಯ ಮೇಲೆ ಒಂದು ಗೇಣು ಹಾರಿತು ಎಂದು ಅವರು ಹೇಳಿದ್ದಾರೆ. ಅದು ನಿಜವಾದರೆ ಈಗಿರುವ ಗೋಡೆಯ ಮೇಲೆಯೇ ಒಂದು ಮೊಳ ಏರಿಸಿದರೆ ಸಾಕು.

“ಇದರ ಬುನಾದಿ ಅಷ್ಟೇ ತಡೀತದ,” ಎಂದಳು. “ನೀರು ಅದಕ್ಕಿಂತ ಮ್ಯಾಲ ಬಂದಿತ್ತು ಅಂದ್ರ ಗೋಡಿ ಸಾಲಂಗಿಲ್ಲ, ಮಣ್ಣಿನ ಏರಿ ಹಾಕಬೇಕು. ಏರಿಗೆ ಅಗಲ ಜಾಗ ಬೇಕ್ರಿ. ಈ ಹನ್ನೆರಡೂ ಮನಿ ಹೋಗ್ತಾವು. ಬ್ಯಾರೆ ಕಡೆ ಜಾಗ ಕೊಡ್ತಾರ, ಎಲ್ಲಿ, ಯಾವಾಗ ಅಂತ ನನಗ ಗೊತ್ತಿಲ್ಲ. ನಾ ಸುಳ್ಳು ಹೇಳಂಗಿಲ್ಲವ್ವ.”

“ಅದೆಲ್ಲ ಯಾಕ ಬೇಕು? ಒಂದ ಗೇಣ ಅಂದೀವಲ್ಲ,” ಎಂದಳು ಕಾಶಮ್ಮ. “ಬರ್ಕೊಂಡ ಹೋಗವ್ವ, ಬಿಸಿಲಾಗ ಕರ್ರಗಾದಿ.”

ನಾಲ್ಕೈದು ಹೆಂಗಸರು ನಕ್ಕರು.

ರೇಣುಕಾ ನನ್ನ ಕಡೆ ತಿರುಗಿದಳು. “ಸರ್, ನಿಮ್ಮ ಹಳೆ ಗುರುತು ಇದೇನ್ರಿ?” ಶರಣಮ್ಮನ ಬಾಗಿಲ ಪಕ್ಕ, ನನ್ನ ತೊಡೆಯ ಎತ್ತರದಲ್ಲಿ ಕುಂಕುಮದ ಕಲೆ ಇತ್ತು. ಸುಣ್ಣ ಬಳಿಯುವಾಗ ಪ್ರತಿ ಸಲವೂ ಅದನ್ನು ಬಿಟ್ಟು ಬಳಿದಿದ್ದರು.

“ಹೌದು, ಇದೇ,” ಎಂದೆ.

ಅಲ್ಲಿಗೆ ನಿಲ್ಲಿಸಿದೆ. ಶಹಾಪುರದಿಂದ ಹೊಂದಿಸಿಕೊಂಡು ಬಂದ ಮೂರು ವಾಕ್ಯಗಳು ಬಾಯಿಗೆ ಬರಲಿಲ್ಲ. ಹಳೆಯ ಗುರುತೇ ತಪ್ಪೆಂದರೆ ಇವರು ಈಗ ಹೇಳಿದ ಒಂದು ಗೇಣನ್ನೂ ಯಾರೂ ನಂಬುವುದಿಲ್ಲ. ತಪ್ಪು ತಿದ್ದಲು ಬಂದವನಿಗೆ, ಅದನ್ನು ತಿದ್ದಿದರೆ ಇವರ ಮನೆಗಳು ಹೋಗುತ್ತವೆ ಎಂಬುದು ಆಗಷ್ಟೇ ತಿಳಿದಿತ್ತು. ಹೇಳಿದರೆ ಹೊಸ್ತಿಲು ಹೋಗುತ್ತದೆ. ಹೇಳದಿದ್ದರೆ ಮುಂದಿನ ಪ್ರವಾಹಕ್ಕೆ ಇನ್ನೊಬ್ಬ ಮಾರೆಪ್ಪ. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ನಾನು ತಂಬಿಗೆಯನ್ನು ಹಿಡಿದುಕೊಂಡು ಕುಳಿತೆ. ರೇಣುಕಾ ಪುಸ್ತಕ ತೆರೆದು ಬರೆಯತೊಡಗಿದಳು.

ಶರಣಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. “ನೀವು ಏನೋ ಹೇಳಬೇಕಂತ ಬಂದೀರಿ,” ಎಂದಳು. “ಸುಮ್ನ ಯಾಕ ಕುಂತ್ರಿ?”

ನಾನು ತಂಬಿಗೆಯನ್ನು ಕೆಳಗಿಟ್ಟೆ.

ಅವಳು ಎದ್ದಳು. ಬಲೆ ಮಡಿಲಿನಿಂದ ಜಾರಿತು. ರೇಣುಕಾಳ ಕೈ ಹಿಡಿದು ಒಳಗೆ ಕರೆದೊಯ್ದಳು. ನಾನೂ ಹಿಂದೆ ಹೋದೆ. ಅಡುಗೆಯ ಜಾಗದ ಪಕ್ಕ, ಭುಜದ ಎತ್ತರದಲ್ಲಿ ದೀಪ ಇಡುವ ಮಾಡವಿತ್ತು. ಅದರ ತಳಕ್ಕೆ ಬೆರಳು ಇಟ್ಟಳು.

“ಗೋಡಿ ಕಟ್ಟೂಕಿಂತ ಮದಲ್ನೇ ಹೊಳ್ಯಾಗ ಇಲ್ಲಿ ದೀಪ ಇತ್ತು. ನೀರು ಬಂದು ಆರಿಸ್ತು. ನಾ ಅಟ್ಟದ ಮ್ಯಾಲ ಕುಂತು ನೋಡೀನಿ.” ಆಮೇಲೆ ಕೈಯನ್ನು ಮೇಲೆ ಸರಿಸಿ, ಮಾಡದ ತಳದಿಂದ ಒಂದು ಗೇಣು ಅಳೆದಳು. “ಹೋದ ಸಲ ಇಲ್ಲಿತನ. ಅಂವ ಸಿಕ್ಕ ದಿನ ಹಸಿ ಮಣ್ಣು ಇಲ್ಲಿತನ ಇತ್ತು. ಮರುದಿನ ನಾನ ಕೈಯಾರೆ ಸುಣ್ಣ ಹಚ್ಚೀನಿ.”

ಬಾಗಿಲಲ್ಲಿ ನಿಂತಿದ್ದ ಕಾಶಮ್ಮ ಎದೆಗೆ ಕೈ ಬಡಿದುಕೊಂಡಳು. “ನಿನ್ನ ಬಾಯಾಗ ಮಣ್ಣ ಬೀಳ್ಲಿ! ಉಡಿ ತುಂಬಿದ ಬಾಯಿಲೇ ಹೊಳಿತಾಯಿ ಮ್ಯಾಲ ದೂರು ಹೇಳ್ತಿ? ಹನ್ನೆರಡ ಮನಿ ಕಳದ್ಯಲ್ಲ!”

“ತಾಯಿಗೆ ನಾ ಏನೂ ಅಂದಿಲ್ಲ,” ಎಂದಳು ಶರಣಮ್ಮ. “ನೀರಿನ ಮಾತ ಹೇಳೀನಿ. ನಿನ್ನ ಮಗನೂ ಬಲಿ ಮರೀತಾನ, ಕಾಶಕ್ಕ. ಎಲ್ಲಾರೂ ಮರೀತಾರ.”

ಕಾಶಮ್ಮ ಸೆರಗು ಕೊಡವಿ ತಿರುಗಿದಳು. ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಡುಹಗಲಲ್ಲಿ ಆ ಓಣಿಯಲ್ಲಿ ಬಾಗಿಲು ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು.

ಆಮೇಲೆ ನಾನು ಬಾಯಿ ಬಿಟ್ಟೆ. ಖಾಜಾ ಕಂಡ ಗೆರೆ, ನಾನು ನೋಡದೆ ಹೋದ ಹಿತ್ತಲು, ಎಲ್ಲವನ್ನೂ ಹೇಳಿದೆ. ರೇಣುಕಾ ನಿಂತೇ ಬರೆದುಕೊಂಡಳು. ಕುಂಕುಮದ ಗುರುತಿನಿಂದ ಮಾಡದ ತಳಕ್ಕೆ ಟೇಪು ಹಿಡಿದೆವು: ಒಂದೂವರೆ ಮೊಳಕ್ಕೆ ಸರಿಯಾಗಿತ್ತು. ಹೊಸದು ಅದರ ಮೇಲೆ ಒಂದು ಗೇಣು, ಎಂದರೆ ಇನ್ನರ್ಧ ಮೊಳ. ಲೆಕ್ಕ ಹಾಕಿ ನೋಡಿದರೆ, ಎತ್ತರಿಸಬೇಕೆಂದಿದ್ದ ಗೋಡೆಯ ಅಂಚಿಗೂ ಆ ನೀರಿಗೂ ನಡುವೆ ಬೆರಳು ಹೋಗುವಷ್ಟೂ ಜಾಗ ಉಳಿಯುತ್ತಿರಲಿಲ್ಲ. ರೇಣುಕಾ ಮನೆಯ ಹೊರಗೋಡೆಯ ಮೇಲೆ ಆ ನೀರಿನ ಮಟ್ಟಕ್ಕೆ ಕೆಂಪು ಬಣ್ಣದಲ್ಲಿ ಗೆರೆ ಎಳೆದಳು. ಪುಸ್ತಕದಲ್ಲಿ ಗುರುತು ತೋರಿಸಿದವರ ಹೆಸರಿನ ಜಾಗದಲ್ಲಿ ಶರಣಮ್ಮ ಸಹಿ ಮಾಡಿದಳು. ಕೆಳಗೆ ನಾನು ಮಾಡಿದೆ. ನನ್ನ ಸಾಕ್ಷಿ ಅವಳದ್ದರ ನಂತರ ಬಂದಿತ್ತು. ಬರೆದ ಕ್ರಮ ಸರಿಯಾಗಿಯೇ ಇತ್ತು.

ಊಟ ಮಾಡಿ ಹೋಗಿರಿ ಎಂದಳು ಶರಣಮ್ಮ. ರೊಟ್ಟಿ, ಪುಂಡಿ ಪಲ್ಯ ಇತ್ತು. ಬಸ್ಸಿದೆ ಎಂದೆ. ಬಸ್ಸು ಮೂರು ಗಂಟೆಗೆ, ಆಗಿನ್ನೂ ಒಂದೂವರೆ.

“ಮಳಿಗಾಲದ ಮುಂಚೆ ಏರಿ ಆಗ್ತದೇನ್ರಿ?” ಎಂದು ಕೇಳಿದಳು.

“ನನಗ ಗೊತ್ತಿಲ್ಲವ್ವ.”

“ಹೋಗ್ಲಿ. ಮುಂದಿನ ಸಲ ಬಂದ್ರ ಉಂಡೇ ಹೋಗಬೇಕು.” ಅಷ್ಟು ಹೇಳಿ ಮನೆಯ ಕಡೆ ತಿರುಗಿ ನೋಡಿ ನಕ್ಕಳು. “ಎಲ್ಲಿಗೆ ಬರಬೇಕು ಅನ್ನೂದನ್ನ ಮಾತ್ರ ಯಾರಿಗರ ಕೇಳ್ಕೊಂಡ ಬರ್ರಿ.”

ಮೂರರ ಬಸ್ಸಿನಲ್ಲಿ ನಾನು ಹೊಳೆಯ ಕಡೆಯ ಕಿಟಕಿ ಹಿಡಿದೆ. ಸೇತುವೆಯ ಮೇಲೆ ಎದುರಿನಿಂದ ಹತ್ತಿ ತುಂಬಿದ ಲಾರಿಯೊಂದು ಬಂದದ್ದರಿಂದ ಬಸ್ಸು ನಿಧಾನವಾಯಿತು. ತಡೆಗೋಡೆ, ಅದರ ಹಿಂದೆ ತಗಡಿನ ಸಾಲು, ತಡೆಗೋಡೆಯ ಅಂಚಿಗಿಂತ ಮೇಲೆ, ಆರನೆಯ ಮನೆಯ ಗೋಡೆಯಲ್ಲಿ ಒದ್ದೆಯಾಗಿ ಹೊಳೆಯುವ ಕೆಂಪು ಗೆರೆ. ಅದರ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಳು ಶರಣಮ್ಮ. ಇನ್ನೊಬ್ಬಳು ಕಾಶಮ್ಮ ಇರಬೇಕು, ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಶರಣಮ್ಮ ಗೆರೆಗೆ ಬೆನ್ನು ಕೊಟ್ಟು ನಿಂತು ಕೇಳುತ್ತಿದ್ದಳು. ಗೆರೆ ಅವಳ ತಲೆಗಿಂತ ಮೇಲಿತ್ತು.