ಅಜ್ಜಿಯ ಸೆರಗು ಬಿಡದ ಮಗು

ನಾನು ಮದುವೆಯಾಗಿ ಸೂಲಿಬೆಲೆ ಹತ್ತಿರದ ಈ ಮನೆಗೆ ಬಂದಾಗ ನನ್ನ ಗಂಡನ ಮೊದಲ ಹೆಂಡತಿಯ ಮಗಳಿಗೆ ಆಗಷ್ಟೇ ಎರಡು ತುಂಬಿತ್ತು. ಆಸ್ಪತ್ರೆಗೆಂದು ಹೋದ ತಾಯಿ ಮರಳಿರಲಿಲ್ಲ. ಅಂದಿನಿಂದ ಮಗು ಅಜ್ಜಿಯ, ಎಂದರೆ ನನ್ನ ಅತ್ತೆಯ, ಸೆರಗು ಬಿಟ್ಟಿರಲಿಲ್ಲ. ಅತ್ತೆ ಬಚ್ಚಲಿಗೆ ಹೋದರೂ ಬಾಗಿಲಾಚೆ ಕೂತು ಉಸಿರು ಕಟ್ಟುವಂತೆ ಅಳುತ್ತಿತ್ತು. ನಾನು ಎತ್ತಿಕೊಳ್ಳಲು ಹೋದರೆ ಮೈ ಬಿಗಿ ಮಾಡಿಕೊಳ್ಳುತ್ತಿತ್ತು.

ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವಾಗ ಅತ್ತೆ ಮಗುವಿಗೆ ಕರು ತೋರಿಸಿ, ಅದು ಅತ್ತ ತಿರುಗಿದಾಗ ಹಿತ್ತಿಲಿನಿಂದ ಜಾರಿಕೊಳ್ಳುತ್ತಿದ್ದರು. ಬೀದಿಯವರೆಲ್ಲ ಹೇಳಿಕೊಟ್ಟ ಉಪಾಯ ಅದೇ. ಹೊಸಕೋಟೆಯ ಮಕ್ಕಳ ಡಾಕ್ಟರು ಮಾತ್ರ ಬೇಡ ಎಂದರು. ಹೇಳದೆ ಹೋಗುವವರು ಯಾವಾಗ ಮಾಯವಾಗುತ್ತಾರೋ ಎಂದು ಮಗು ಸದಾ ಹೆದರಿಕೊಂಡೇ ಇರುತ್ತದೆ. ಅತ್ತರೂ ಸರಿ, ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ, ಮೊದಲು ಸ್ವಲ್ಪ ಹೊತ್ತು ಸಾಕು ಅಂದರು.

ಅತ್ತೆಗೆ ನಂಬಿಕೆ ಬರಲಿಲ್ಲ. ಆದರೆ ಅವರ ಕಣ್ಣಿನ ಪೊರೆಯ ಆಪರೇಷನ್‌ಗೆ ದಿನ ನಿಗದಿಯಾಗಿತ್ತು. ಒಂದು ಬೆಳಿಗ್ಗೆ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂಗಡಿಯಿಂದ ಸಕ್ಕರೆ ತಂದುಬಿಡುತ್ತೇನೆ ಎಂದು ಹೇಳಿ ಹೊರಟರು. ಮಗು ಗೇಟಿನವರೆಗೆ ಓಡಿ ಚೀರಿತು. ನಾನು ಹೊಸಿಲ ಮೇಲೆ ಕೂತೆ. ಸುಮ್ಮನಿರು ಎನ್ನಲಿಲ್ಲ, ಬಿಸ್ಕತ್ತು ತೋರಿಸಲಿಲ್ಲ. ಅಜ್ಜಿ ಅಂಗಡಿಗೆ ಹೋಗಿದ್ದಾರೆ, ಬರುತ್ತಾರೆ ಎಂದಷ್ಟೇ ಹೇಳುತ್ತಿದ್ದೆ. ತಿರುವಿನಲ್ಲಿ ಅತ್ತೆ ಕಂಡಾಗ ನನಗೇ ಹೋದ ಜೀವ ಬಂದಂತಾಯಿತು.

ಹೀಗೇ ವಾರಗಳು ಕಳೆದವು. ಅಳು ನಿಲ್ಲಲಿಲ್ಲ, ಆದರೆ ಬೇಗ ಇಳಿಯತೊಡಗಿತು. ಒಂದು ದಿನ ಮಗು ಗೇಟು ಬಿಟ್ಟು ಬಂದು ನನ್ನ ಪಕ್ಕ ಕೂತಿತು, ನನ್ನನ್ನು ಮುಟ್ಟದೆ.

ಆಪರೇಷನ್ನಿನ ದಿನ ಅತ್ತೆ, ನಾಳೆ ಊಟದ ಹೊತ್ತಿಗೆ ಬರುವುದಾಗಿ ಹೇಳಿ ನನ್ನ ಗಂಡನ ಬೈಕಿನಲ್ಲಿ ಹೋದರು. ಮಗು ಅತ್ತು ಸುಸ್ತಾಗಿ, ಅವರ ಹಳೇ ಸೀರೆ ತಬ್ಬಿಕೊಂಡು ನೆಲದ ಮೇಲೇ ನಿದ್ದೆಹೋಯಿತು. ಎದ್ದ ಮೇಲೆ ನಾನು ಕಲಸಿದ ಮೊಸರನ್ನ ನಾಲ್ಕು ತುತ್ತು ತಿಂದಿತು. ಸಂಜೆ ಕೊಟ್ಟಿಗೆಯಲ್ಲಿ ಕರು ಕೂಗಿತೆಂದು ನಾನು ಎದ್ದೆ. ಹಿಂದಿನಿಂದ ಯಾರೋ ಸೀರೆ ಜಗ್ಗಿದಂತಾಯಿತು.

"ನೀನೂ ಹೋಗ್ತೀಯಾ?"

ಅದುವರೆಗೆ ನಾನು ಇದ್ದರೂ ಇಲ್ಲದಿದ್ದರೂ ಆ ಮಗುವಿಗೆ ಒಂದೇ ಆಗಿತ್ತು. ಅದರ ಭಯದಲ್ಲಿ ಈಗ ನನಗೂ ಒಂದು ಜಾಗ ಸಿಕ್ಕಿತ್ತು. ಪಡಬಾರದ ಖುಷಿ ಅದು.

"ಕರೂಗೆ ಹುಲ್ಲು ಹಾಕ್ಬಿಟ್ಟು ಬರ್ತೀನಿ ಕಣಮ್ಮ. ಇಲ್ಲಿಂದ್ಲೇ ಕಾಣ್ತೀನಿ, ನೋಡ್ತಾ ಇರು."

ಮಗುವಿನ ತುಟಿ ನಡುಗುತ್ತಿತ್ತು. ಆದರೂ ಮಗು ಸೀರೆ ಬಿಟ್ಟಿತು. ನಾನು ಒಂದೇ ತೆಕ್ಕೆ ಹುಲ್ಲು ಹಾಕಿ ಓಡಿಬಂದೆ.

ಮರುದಿನ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಬಂದಾಗ ಮಗು ಗುರುತು ಸಿಗದೆ ನನ್ನ ಹಿಂದೆ ಅವಿತುಕೊಂಡಿತು. ದನಿ ಕೇಳಿದ ಮೇಲೇ ಓಡಿಹೋಗಿ ಅವರನ್ನು ತಬ್ಬಿಕೊಂಡಿದ್ದು. ಈ ವರ್ಷ ಅವಳನ್ನು ಅಂಗನವಾಡಿಗೆ ಸೇರಿಸಿದ್ದೇವೆ. ಕೆಲವು ದಿನ ಬೆಳಿಗ್ಗೆ ಇನ್ನೂ ಅಳುತ್ತಾಳೆ. ಮಧ್ಯಾಹ್ನ ಕರೆತರಲು ಹೋದರೆ, ಇನ್ನೂ ಸ್ವಲ್ಪ ಹೊತ್ತು ಆಡುತ್ತೇನೆ ಎಂದು ಹಟ ಹಿಡಿಯುವ ದಿನಗಳೂ ಇವೆ.