ಗೋಡೆ ಬದಿಯ ಜಾಗ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳಿಗೆ ತನಗೊಬ್ಬ ಗಂಡನಿದ್ದಾನೆ ಎಂದು ಸರ್ಕಾರವನ್ನು ನಂಬಿಸುವುದರಲ್ಲೇ ಅರ್ಧ ಆಯಸ್ಸು ಸವೆದಿತ್ತು. ಗಂಡ ಹೊರದೇಶದವನು, ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಇವಳದು ಹಗಲು. ಬೆಳಿಗ್ಗೆ ಅವನಿಳಿದ ಬಸ್ಸಿಗೇ ಇವಳು ಹತ್ತುತ್ತಿದ್ದಳು.

"ಊಟ ಮುಚ್ಚಿಟ್ಟಿದ್ದೀನಿ ರೀ."

"ಗ್ಯಾಸ್ ಮುಗಿಯೋಕೆ ಬಂತು ಕಣೇ."

ದಿನದ ಸಂಸಾರ ಅಷ್ಟೇ. "ನಿಂಗಿರೋದು ಗಂಡನೋ, ಬಾಡಿಗೆದಾರನೋ?" ಎಂದು ಅಕ್ಕ ಅಣಕಿಸುತ್ತಿದ್ದಳು.

ಹೀಗೆ ದುಡಿಯಲು ಇವರಿಗೇನು ಹುಚ್ಚೇ? ಹೊರಗಿನವನನ್ನು ಕಟ್ಟಿಕೊಂಡವರ ಮನೆಗೆ ಇಂತಿಷ್ಟು ವರಮಾನ ಇರಲೇಬೇಕು, ಇಲ್ಲದಿದ್ದರೆ ಅವನು ಗಂಟುಮೂಟೆ ಕಟ್ಟಬೇಕು ಎಂದು ಹೊಸ ಕಾನೂನು ಬಂದಿತ್ತು. ರಾತ್ರಿ ಪಾಳಿಗೆ ಸಂಬಳ ಜಾಸ್ತಿ. ಅದೂ ಸಾಲದೆಂದು ವಲಸೆ ಕಚೇರಿಯವರು, ಅವನಿಗೆ ವಾಸದ ಪರ್ಮಿಟ್ ಬೇಕಾದರೆ ಇಬ್ಬರ ಹೆಸರಿನ ಬ್ಯಾಂಕ್ ಖಾತೆ ತೋರಿಸಿ ಎಂದರು. ಬ್ಯಾಂಕಿನವರು, ಕಪ್ಪುಹಣದ ಕಾನೂನು ಬಿಗಿಯಾಗಿದೆ, ಪರ್ಮಿಟ್ ಇಲ್ಲದವನ ಹೆಸರು ಸೇರಿಸೋಲ್ಲ ಎಂದರು. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಅಲೆದು ಇಬ್ಬರೂ ಹೈರಾಣಾದರು.

ಕೊನೆಗೆ ಸಂದರ್ಶನ. ಸುಳ್ಳು ಮದುವೆ ಹಿಡಿಯಲು ಗಂಡನನ್ನೊಂದು ಕೋಣೆಯಲ್ಲಿ, ಹೆಂಡತಿಯನ್ನೊಂದು ಕೋಣೆಯಲ್ಲಿ ಕೂರಿಸಿ ಅವವೇ ಪ್ರಶ್ನೆ ಕೇಳುತ್ತಾರೆ.

"ಮಂಚದಲ್ಲಿ ಯಾವ ಕಡೆ ಮಲಗ್ತೀರಿ?"

"ಗೋಡೆ ಕಡೆ," ಎಂದಳು. ಅಯ್ಯೋ, ಆಚೆ ಕೋಣೆಯಲ್ಲಿ ಅವನೂ ಅದನ್ನೇ ಹೇಳಿದ್ದ!

ಅಧಿಕಾರಿಣಿ ಇಬ್ಬರನ್ನೂ ಎದುರು ನಿಲ್ಲಿಸಿಕೊಂಡಳು. "ಇಬ್ರೂ ಗೋಡೆ ಕಡೆನಾ?"

"ಹೂಂ ಮೇಡಂ. ಅವರು ಹಗಲು ಮಲಗ್ತಾರೆ, ನಾನು ರಾತ್ರಿ. ಗೋಡೆ ಕಡೆ ಹಾಸಿಗೆ ಗುಂಡಿ ಬಿದ್ದಿಲ್ಲ ನೋಡಿ."

"ಇದನ್ನ ಸಂಸಾರ ಅಂತ ಹೇಗಮ್ಮ ಬರೀಲಿ?" ಆಕೆಯೂ ಕೆಟ್ಟವಳಲ್ಲ, ನಿದ್ದೆಗೆಟ್ಟ ಕಣ್ಣು. "ಆರು ತಿಂಗಳು ಟೈಮ್ ಕೊಡ್ತೀನಿ. ಒಟ್ಟಿಗೆ ಇದ್ದು ತೋರಿಸಿ. ಮನೆಗೆ ಬಂದು ನೋಡ್ತಾರೆ."

ಅವನು ಕಾಡಿಬೇಡಿ ಹಗಲು ಪಾಳಿಗೆ ಬಂದ. ಸಂಬಳ ಇಳಿಯಿತು. "ಇಳಿದ್ರೆ ಇಳೀಲಿ, ಮೊದ್ಲು ಗಂಡ ಹೆಂಡ್ತಿ ಆಗೋಣ," ಎಂದ.

ಮದುವೆಯಾಗಿ ನಾಲ್ಕು ವರ್ಷಕ್ಕೆ ಅವನು ಗೊರಕೆ ಹೊಡೆಯುತ್ತಾನೆಂದು ಅವಳಿಗೆ ಗೊತ್ತಾಯಿತು. ಅವಳು ಮಾತುಮಾತಿಗೆ ಸಿಡುಕುತ್ತಾಳೆಂದು ಅವನಿಗೆ ಗೊತ್ತಾಯಿತು. ಒದ್ದೆ ಟವೆಲ್ಲಿಗಾಗಿ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಅವನು ಆ ಟವೆಲ್ಲನ್ನೇ ತಲೆಗೆ ಸುತ್ತಿಕೊಂಡು ಊಟಕ್ಕೆ ಕೂತಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಸುಸ್ತು ಹಾಗೇ ಇತ್ತು, ಆದರೂ ಅವಳು ಸುಖವಾಗಿದ್ದಳು. ತಪಾಸಣೆಯವರು ಎರಡು ಸಲ ಬಂದು, ಬೀರು ತೆರೆಸಿ, ಬಟ್ಟೆಬರೆ ನೋಡಿ ಬರೆದುಕೊಂಡು ಹೋದರು.

ಪತ್ರ ಬಂದ ಸಂಜೆ ಅವನು ಮಂಚದ ಅಂಚಿಗೆ ಕೂತ. ಕಚೇರಿಯ ಭಾಷೆ ಅವನಿಗೆ ಓದಲು ಬಾರದು, ಅವಳೇ ಓದಿದಳು.

"ದಂಪತಿ ಒಟ್ಟಿಗೆ ಬಾಳುತ್ತಿರುವುದು ಸಂದೇಹಕ್ಕೆ ಎಡೆಯಿಲ್ಲದಂತೆ ದೃಢಪಟ್ಟಿದೆ."

ಅವನ ಮುಖ ಅರಳಿತು. ಅವಳ ಕಣ್ಣು ಆಗಲೇ ಕೆಳಗಿನ ಸಾಲಿಗೆ ಹೋಗಿತ್ತು.

"ಆದರೆ ಕುಟುಂಬದ ವರಮಾನ ನಿಗದಿತ ಮಿತಿಗಿಂತ ಕಡಿಮೆಯಾಗಿರುವುದರಿಂದ ಅರ್ಜಿ ತಿರಸ್ಕರಿಸಲಾಗಿದೆ. ಪತಿಯು ಮೂವತ್ತು ದಿನಗಳೊಳಗೆ ದೇಶ ಬಿಡತಕ್ಕದ್ದು."

ಯಾರನ್ನು ಬೈಯುವುದು? ಅವಳಿಗೆ ಬೈಯಲೂ ತ್ರಾಣವಿರಲಿಲ್ಲ, ಅಳಲೂ ಇರಲಿಲ್ಲ. ಅವನು ಸರಿದು ಮಂಚದಲ್ಲಿ ಅವಳಿಗೆ ಜಾಗ ಮಾಡಿದ.

"ಆ ಮೊದಲನೇ ಸಾಲು ಇನ್ನೊಂದ್ಸಲ ಓದೇ," ಎಂದ.

ಅವಳು ಓದಿದಳು.