ಸೂರ್ಯನೂ ರ‍್ಯಾಂಕೂ

ಎರಡು ಸಾವಿರದ ಇಸವಿ ದಾಟಿದ ಹೊಸತು. ಆಗ ನಾನು ಹೊಳಲ್ಕೆರೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಕೆಳಗೆ ಅಡಿಕೆ ಮಂಡಿ, ಮೇಲೆ ನಮ್ಮ ಕೋಣೆ. ಜೊತೆಗಿದ್ದ ಇನ್ನೊಬ್ಬ ಟೀಚರು ನನಗಿಂತ ದೊಡ್ಡವರು, ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದವರು. ಅವರನ್ನು ಅಕ್ಕ ಎನ್ನುತ್ತಿದ್ದೆ. ಪಾಠವಿಲ್ಲದ ಹೊತ್ತಿನಲ್ಲಿ ಇಬ್ಬರೂ ಊರಿನವರ ಕರಪತ್ರ, ಲಗ್ನಪತ್ರಿಕೆಗಳನ್ನು ಟೈಪ್ ಮಾಡಿಕೊಡುತ್ತಿದ್ದೆವು.

ಅದಕ್ಕೆ ಬಳಸುತ್ತಿದ್ದುದು ಒಂದು ಓಪನ್ ಸೋರ್ಸ್ ತಂತ್ರಾಂಶ. ಎಲ್ಲೆಲ್ಲೋ ಇದ್ದ ಕೆಲವರು ಬಿಡುವಿನಲ್ಲಿ ಬರೆದದ್ದು. ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಿ, ತಿದ್ದಿ ಕಳಿಸಬಹುದಿತ್ತು. ಅದರಲ್ಲಿ ಒಂದು ತೊಂದರೆ. ‘ರ‍್ಯಾಂಕ್’ ಎಂದು ಹೊಡೆದರೆ ರ ನಿಂತು ಕೆಳಗೆ ಯ ಒತ್ತು ಬರಬೇಕಲ್ಲ, ಅದರ ಬದಲು ಯಾ ಮುಂದೆ ಬಂದು ಪಕ್ಕದಲ್ಲಿ ಅರ್ಕಾವತ್ತು ಕೂರುತ್ತಿತ್ತು. ಒಂದು ಹೈಸ್ಕೂಲಿನ ಸನ್ಮಾನದ ಆಮಂತ್ರಣ ಹಾಗೇ ಅಚ್ಚಾಯಿತು. ಹೆಡ್‌ಮಾಸ್ತರು ಕಟ್ಟನ್ನು ವಾಪಸ್ ತಂದು ಮೇಜಿನ ಮೇಲಿಟ್ಟರು.

“ಇದನ್ನ ಹೆಂಗ್ ಓದ್ಬೇಕು ಹೇಳ್ರಿ ಮೇಡಂ.”

ನನಗೆ ಪ್ರೋಗ್ರಾಮಿಂಗ್ ಬರುತ್ತಿತ್ತು. ಕೆಲವು ದಿನ ತಲೆ ಕೆಡಿಸಿಕೊಂಡು ಕೋಡ್ ತಿದ್ದಿದೆ. ಪರದೆಯ ಮೇಲೆ ರ‍್ಯಾಂಕ್ ಸರಿಯಾಗಿ ಮೂಡಿದಾಗ ಕುಣಿಯುವಷ್ಟು ಖುಷಿ. ಕೇಂದ್ರದಲ್ಲಿ ಇಂಟರ್ನೆಟ್ ಇರಲಿಲ್ಲ. ಭಾನುವಾರ ಫ್ಲಾಪಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಚಿತ್ರದುರ್ಗದ ಬಸ್ಸು ಹತ್ತಿ, ಅಲ್ಲಿನ ಸೈಬರ್ ಸೆಂಟರಿನಿಂದ ಕಳಿಸಿದೆ.

ಮುಂದಿನ ಭಾನುವಾರ ಉತ್ತರ ಬಂದಿತ್ತು. ಜನ ಕಳಿಸುವ ತಿದ್ದುಪಡಿಗಳನ್ನು ನೋಡಿ ಒಪ್ಪುವುದೋ ತಿರುಗಿಸುವುದೋ ಮಾಡುತ್ತಿದ್ದವರು ಒಬ್ಬರು. ಅವರು ನನ್ನ ಸಾಲುಸಾಲಿನ ಕೆಳಗೂ ಇಂಗ್ಲಿಷಿನಲ್ಲಿ ಏನೋ ಬರೆದಿದ್ದರು. ಇದಕ್ಕೆ ಕಾರಣ ಕೊಟ್ಟಿಲ್ಲ. ಇದನ್ನು ಬೇರೆಯಾಗಿ ಕಳಿಸಿ. ಯಾವ ಯಾವ ಪದಗಳನ್ನು ಹೊಡೆದು ನೋಡಿದ್ದೀರಿ? ನಮಸ್ಕಾರ ಇಲ್ಲ, ಥ್ಯಾಂಕ್ಸ್ ಇಲ್ಲ. ಪ್ರಿಂಟ್ ತೆಗೆಸಿಕೊಂಡು ಬಸ್ಸಿನಲ್ಲಿ ಓದುತ್ತ ಬಂದೆ. ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಯಾಕವ್ವ, ಊರಿಂದ ಏನಾದ್ರೂ ಸುದ್ದಿ ಬಂತಾ?” ಎಂದು ಕೇಳಿದರು.

ಮರುದಿನ ಖಾರವಾದ ಉತ್ತರ ಬರೆದು ಅಕ್ಕನಿಗೆ ತೋರಿಸಿದೆ. ದಿನಾ ಕನ್ನಡ ಟೈಪ್ ಮಾಡುವವರು ನಾವು, ನಮಗೆ ಗೊತ್ತಿಲ್ಲವೇ ಎಂಬ ಧಾಟಿ.

“ಚೆನ್ನಾಗೇನೋ ಐತೆ,” ಎಂದರು ಅಕ್ಕ. “ಅವ್ರು ಕೇಳಿದ್ಕೆ ಉತ್ತರ ಎಲ್ಲೈತೆ? ರ‍್ಯಾಂಕ್ ಬಿಟ್ಟು ಬೇರೆ ಏನಾದ್ರೂ ಹೊಡ್ದು ನೋಡಿದೀಯಾ? ಸೂರ್ಯ ಹೊಡಿ, ನೋಡಾಣ.”

ಹೊಡೆದೆ. ಅರ್ಕಾವತ್ತು ಮಾಯವಾಗಿ, ಸೂರ್ಯನಲ್ಲೂ ರ ಕೆಳಗೆ ಯ ಒತ್ತು ನೇತಾಡುತ್ತಿತ್ತು. ಕಾರ್ಯ, ಧೈರ್ಯ, ಆಚಾರ್ಯ ಎಲ್ಲದರದ್ದೂ ಅದೇ ಗತಿ. 

“ಊರಿನ ಶುಭಕಾರ್ಯ ಎಲ್ಲಾ ಕೆಡಿಸ್ತಿದ್ಯಲ್ಲೇ!” ಎಂದು ಅಕ್ಕ ನಗತೊಡಗಿದರು. ನನಗೂ ತಡೆಯಲಾಗಲಿಲ್ಲ.

ಖಾರದ ಉತ್ತರ ಬುಟ್ಟಿಗೆ ಹೋಯಿತು. ಮತ್ತೆ ಕೂತು ಕೋಡ್ ಬದಲಿಸಿದೆ. ರ ಆದ ಮೇಲೆ ಒಂದು ಬೇರೆ ಕೀಲಿ ಒತ್ತಿದರೆ ಮಾತ್ರ ಯ ಒತ್ತು ಕೆಳಗೆ ಬರುವುದು, ಇಲ್ಲದಿದ್ದರೆ ಎಂದಿನಂತೆ ಅರ್ಕಾವತ್ತು. ಅವರ ಒಂದೊಂದು ಮಾತಿನ ಕೆಳಗೂ ಉತ್ತರ ಬರೆದೆ. ಸೂರ್ಯ ಕೆಟ್ಟಿದ್ದನ್ನೂ ಬರೆದೆ.

ಅದಕ್ಕೂ ಒಂದು ಪ್ರಶ್ನೆ ಬಂತು. ಬೇರೆ ಕೀಲಿ ಯಾಕೆ? ರ‍್ಯಾಂಕ್, ರ‍್ಯಾಲಿ, ಎಲ್ಲ ಇಂಗ್ಲಿಷ್ ಪದಗಳೇ. ಪದದ ಮೊದಲಲ್ಲಿ ಬಂದಾಗ ಮಾತ್ರ ಹಾಗೆ ಮೂಡಲಿ ಎಂದರೆ ಸಾಕಲ್ಲ? ಓದಿದರೆ ಸರಿ ಎನಿಸಿತು. ಒಪ್ಪಿಕೊಳ್ಳೋಣವೆಂದು ಬರೆಯಲು ಕೂತಿದ್ದೆ. ಅಕ್ಕ ಟೀ ಲೋಟ ಹಿಡಿದು ಬಂದು ಹಿಂದೆ ನಿಂತರು.

“ಅಲ್ಲ, ಇಷ್ಟೆಲ್ಲ ಕೇಳ್ತಾರಲ್ಲ, ಅವರ‍್ಯಾರೇ? ಯಾವೂರೋರು?”

“ಏನಂದ್ರಿ ಅಕ್ಕ? ಇನ್ನೊಂದ್ಸಲ ಹೇಳ್ರಿ.”

“ಅವರ‍್ಯಾರು ಅಂದೆ.”

ಅದು ಇಂಗ್ಲಿಷ್ ಅಲ್ಲ, ಆ ಒತ್ತು ಪದದ ಮೊದಲಲ್ಲೂ ಇಲ್ಲ. ಅವರ‍್ಯಾರು, ಯಾರ‍್ಯಾರು, ನಾವು ದಿನಾ ಆಡುವ ಮಾತೇ. ಕಾರಣ ಸಮೇತ ಬರೆದು, ಈ ಒಂದು ವಿಷಯದಲ್ಲಿ ನಿಮ್ಮ ಸಲಹೆ ಒಪ್ಪಲಾರೆ ಎಂದು ಆ ಭಾನುವಾರ ಕಳಿಸಿದೆ.

ಮುಂದಿನ ಭಾನುವಾರ ಅಕ್ಕನೂ ಜೊತೆಗೆ ಬಂದರು. ಸೈಬರ್ ಸೆಂಟರಿನ ಇಕ್ಕಟ್ಟಿನಲ್ಲಿ ಒಂದೇ ಕುರ್ಚಿಯ ಮೇಲೆ ಇಬ್ಬರೂ ಕೂತೆವು. ಉತ್ತರ ಈ ಸಲ ಉದ್ದವಿತ್ತು. ಮನೆಮಾತು ಕನ್ನಡವಾದರೂ ತಾವು ಬೆಳೆದದ್ದು ಉತ್ತರ ಭಾರತದ ಕಡೆ, ಅಕ್ಷರ ಕಲಿತದ್ದು ಪುಸ್ತಕ ನೋಡಿ, ಹೀಗೆ ಮಾತಾಡುವುದನ್ನು ಹೆಚ್ಚು ಕೇಳಿಯೇ ಇಲ್ಲ ಎಂದು ಬರೆದಿದ್ದರು. ನೀವು ಹೇಳಿದ್ದೇ ಸರಿ, ತಿದ್ದುಪಡಿ ಸೇರಿಸಿದ್ದೇನೆ, ಅವರ‍್ಯಾರು ಪದವನ್ನು ತಂತ್ರಾಂಶ ಪರೀಕ್ಷಿಸಲು ಹೊಡೆದು ನೋಡುವ ಪದಗಳಲ್ಲಿ ಇಟ್ಟಿದ್ದೇನೆ ಎಂದಿದ್ದರು. ಕೊನೆಯಲ್ಲಿ ಕನ್ನಡದಲ್ಲೇ ಒಂದು ‘ವಂದನೆ’.

“ಪಾಪ,” ಎಂದರು ಅಕ್ಕ. “ಹೊಳಲ್ಕೆರೆಗೆ ಬರ್ರಿ ಅಂತ ಬರಿ. ಒಂದ್ವಾರ ಇದ್ರೆ ಎಲ್ಲಾ ಮಾತೂ ಬರ್ತಾವೆ.”

ಬರೆದೆ. ಅವರು ಬರಲಿಲ್ಲ, ಆದರೆ ಆಮೇಲೂ ಕೆಲವು ವರ್ಷ ತಿದ್ದುಪಡಿಗಳು ಹೋಗುತ್ತಿದ್ದವು, ಪ್ರಶ್ನೆಗಳು ಬರುತ್ತಿದ್ದವು. ಬಸ್ಸಿನಲ್ಲಿ ಓದುವಾಗ ನನಗೆ ಅಳು ಬರುತ್ತಿರಲಿಲ್ಲ, ಉತ್ತರ ಹೊಳೆಯುತ್ತಿತ್ತು. ‘ವಂದನೆ’ ಬಂದ ಆ ಭಾನುವಾರ ಮಾತ್ರ ನಾವು ಬಸ್ಸಿಗೆ ಅವಸರ ಮಾಡಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಹೊಳಲ್ಕೆರೆಯ ಬಸ್ಸೊಂದು ಕಣ್ಣೆದುರೇ ಹೊರಟಿತು. ಅಕ್ಕ, “ಹೋಗ್ಲಿ ಬಿಡೇ, ಇನ್ನೊಂದು ಬತ್ತತೆ,” ಎಂದು ಇನ್ನೊಂದು ಬಜ್ಜಿ ಮುರಿದರು.